ಬೈಲಹೊಂಗಲದ ಇಂಪೆಲ್ಲರ್

ಮೊನ್ನೆ ರಾಮದುರ್ಗಕ್ಕೆ ಹೊರಟಿದ್ದ ಬಸ್ಸು ಯರಗಟ್ಟಿಯಲ್ಲಿ ಕೆಟ್ಟು ನಿಂತಿತು. ಕಂಡಕ್ಟರನನ್ನು ಕೇಳಿದರೆ "ಹಿಂದಿನ ಗಾಡಿ ಬರತೈತ್ರಿ" ಎಂದ. ಹಿಂದಿನ ಗಾಡಿ ಎಲ್ಲಿದೆಯಪ್ಪಾ ಎಂದರೆ ಆಕಾಶ ನೋಡಿದ. ಅವನ ಜೊತೆ ಜಗಳ ತೆಗೆಯುವುದಕ್ಕೂ ಬೇಸರವಾಗಿ ಎದುರಿನ ಗ್ಯಾರೇಜಿನ ಬಾಕಿನ ಮೇಲೆ ಹೋಗಿ ಕುಳಿತೆ. ಅಲ್ಲಿನ ಮೆಕ್ಯಾನಿಕ್ ಬಿಚ್ಚಿಟ್ಟ ಬೈಕಿನ ಭಾಗವೊಂದಕ್ಕೆ ಡಬ್ಬಿಯಿಂದ ಬುಸ್ಸೆಂದು ಕ್ಲೀನರ್ ಹೊಡೆದ. ಪೆಟ್ರೋಲಿನದೂ ಅಲ್ಲದ, ಪೇಂಟಿನದೂ ಅಲ್ಲದ, ಮೂಗಿನ ಒಳಗೆಲ್ಲ ಉರಿಸುವಂಥ ಆ ವಾಸನೆ ಬಡಿದದ್ದೇ ತಡ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮುಖ ತಿರುಗಿಸಿದೆ.

"ಯಾಕ್ರಿ ಕಾಕಾ, ಆರಾಮ ಇಲ್ಲೇನು? ನೀರ ಕೊಡ್ಲಿ?" ಎಂದ ಮೆಕ್ಯಾನಿಕ್.

"ನೀರ ಬ್ಯಾಡಪಾ. ಆ ಡಬ್ಬಿ ಅತ್ತಾಗ ಇಡು, ಸಾಕು" ಎಂದೆ. ಮಾತು ಬೇಕಾದ್ದಕ್ಕಿಂತ ಗಡುಸಾಗಿ ಬಂತು. ಅವನದೇನು ತಪ್ಪು? ಆ ವಾಸನೆಯ ಹಿಂದೆ ಒಂದು ಮಳೆಗಾಲ, ಒಂದು ಯುದ್ಧನೌಕೆ ಮತ್ತು ನನ್ನ ಹೆಂಡತಿ ಇದ್ದಾರೆಂದು ಅವನಿಗೆ ಹೇಗೆ ಗೊತ್ತಾಗಬೇಕು.

ನಾನು ನೌಕಾಪಡೆಯಲ್ಲಿ ಇಂಜಿನ್ ರೂಮಿನವನು. ಬಂದೂಕು ಹಿಡಿದವನಲ್ಲ, ನಟ್ಟು ಬಿಚ್ಚುವ ಪಾನಾ ಹಿಡಿದವನು. ರಜೆಗೆ ಬೈಲಹೊಂಗಲಕ್ಕೆ ಬಂದಾಗ ಜನ ಕಟ್ಟೆಯ ಮೇಲೆ ಕೂರಿಸಿಕೊಂಡು ಶತ್ರುಗಳ ಹಡಗು ನೋಡಿದ್ದೀಯೇನು ಎಂದು ಕೇಳುತ್ತಿದ್ದರು. ನಾನು ನೋಡಿದ್ದು ಹಬೆಯ ಕೊಳವೆ, ಬಾಯ್ಲರು ಮತ್ತು ಪಂಪುಗಳನ್ನು ಮಾತ್ರ. ನನ್ನ ನೌಕರಿಯ ಬಹುಭಾಗ ಒಂದೇ ಫ್ರಿಗೇಟಿನಲ್ಲಿ ಕಳೆಯಿತು. ಫ್ರಿಗೇಟ್ ಎಂದರೆ ತೀರ ದೊಡ್ಡದೂ ಅಲ್ಲದ, ಸಣ್ಣದೂ ಅಲ್ಲದ ಯುದ್ಧನೌಕೆ. ಒಂದೇ ನಕ್ಷೆಯಂತೆ ಕಟ್ಟಿದ ಹಡಗುಗಳಿಗೆ ಒಂದು ವರ್ಗ ಎನ್ನುತ್ತಾರೆ. ನಮ್ಮ ವರ್ಗದ ಹಡಗುಗಳಿಗೆಲ್ಲ ನದಿಗಳ ಹೆಸರು. ನಾವು ಅವನ್ನು ಅಕ್ಕತಂಗಿಯರು ಎಂದೇ ಕರೆಯುತ್ತಿದ್ದೆವು.

ಆ ಅಕ್ಕತಂಗಿಯರ ವಂಶಾವಳಿ ಕೇಳಿದರೆ ನಗು ಬರಬೇಕು. ಮೂಲ ನಕ್ಷೆ ಇಂಗ್ಲೆಂಡಿನದು. ಅದನ್ನು ನಮ್ಮವರು ಹಿಗ್ಗಿಸಿ, ಹಿಂಬದಿಗೆ ಹೆಲಿಕಾಪ್ಟರಿಗೆ ಜಾಗ ಮಾಡಿ, ನಮ್ಮ ದೇಶದಲ್ಲೇ ಕಟ್ಟಿದರು. ಮೇಲೆ ರಷ್ಯಾದ ಕ್ಷಿಪಣಿ ಕೂರಿಸಿದರು. ಒಳಗೆ ಇಟಲಿಯ ಯಂತ್ರಗಳ ಪೆಟ್ಟಿಗೆಗಳು. ಕೆಳಗೆ ನಮ್ಮ ಇಂಜಿನ್ ರೂಮಿನಲ್ಲಿ ಒಂದು ನಟ್ಟು ಇಂಚಿನದು, ಅದರ ಪಕ್ಕದ್ದು ಮಿಲಿಮೀಟರಿನದು. ಕೈಗೆ ಸಿಕ್ಕ ಪಾನಾ ಎಂದೂ ಬೇಕಾದ ನಟ್ಟಿಗೆ ಹೊಂದುತ್ತಿರಲಿಲ್ಲ. ಹೊಸ ಹಡಗುಗಳೆಲ್ಲ ವಿಮಾನದ ಇಂಜಿನಿನಂಥ ಗ್ಯಾಸ್ ಟರ್ಬೈನಿನಲ್ಲಿ ಓಡುವ ಕಾಲಕ್ಕೆ ನಾವಿನ್ನೂ ನೀರು ಕಾಯಿಸಿ ಹಬೆ ಎಬ್ಬಿಸುತ್ತಿದ್ದೆವು.

ಇಂಥ ಹಡಗಿಗೆ ಬಿಡಿಭಾಗ ಎಲ್ಲಿಂದ ತರುವುದು? ಇಂಗ್ಲೆಂಡಿನ ಕಂಪನಿ ಎಂದೋ ಬಾಗಿಲು ಮುಚ್ಚಿತ್ತು. ಅತ್ತ ರಷ್ಯಾದಲ್ಲಿ ದೇಶವೇ ಒಡೆದು ಹೋಳಾಗಿ, ಯಾವ ಕಾರ್ಖಾನೆ ಯಾವ ದೇಶದ ಪಾಲಿಗೆ ಬಂತೆಂದು ಅವರಿಗೇ ಗೊತ್ತಿರಲಿಲ್ಲ. ಆದ್ದರಿಂದ ಒಂದು ಹಡಗು ಸಮುದ್ರಕ್ಕೆ ಹೋಗಬೇಕೆಂದರೆ, ದುರಸ್ತಿಗೆ ನಿಂತ ಇನ್ನೊಂದರ ಭಾಗ ಬಿಚ್ಚಿ ಇದಕ್ಕೆ ಹಾಕುವುದು. ಇದು ತಿರುಗಿ ಬಂದ ಮೇಲೆ ಅದಕ್ಕೆ ಹಾಕುವುದು. ಮನೆಯಲ್ಲಿರುವ ಒಂದೇ ಇಳಕಲ್ ಸೀರೆಯನ್ನು ಅಕ್ಕತಂಗಿಯರು ಸರದಿಯಂತೆ ಉಟ್ಟು ಮದುವೆಗೆ ಹೋದ ಹಾಗೆ. ಬಿಚ್ಚಿ ಕೊಟ್ಟವರು ನಾವಾದಾಗ ಹೊಟ್ಟೆ ಉರಿಯುತ್ತಿತ್ತು. ತಂದು ಹಾಕಿಕೊಂಡಾಗಲೂ ಏನೂ ಸುಖವಿರುತ್ತಿರಲಿಲ್ಲ, ಯಾಕೆಂದರೆ ಅದು ತಮ್ಮದೆಂದು ಅವರು ಬಂದರಿನ ಆಚೆ ದಂಡೆಯಿಂದ ನಮ್ಮನ್ನೇ ನೋಡುತ್ತಿರುತ್ತಿದ್ದರು.

ಪಿಂಚಣಿಗೆ ಬಂದ ಮೇಲೆ ಬೈಲಹೊಂಗಲದ ಯರಗಟ್ಟಿ ರಸ್ತೆಯಲ್ಲಿ, ಮನೆಯ ಮುಂದೆಯೇ ತಗಡಿನ ಶೆಡ್ಡು ಹಾಕಿ, ಎರಡು ಲೇತ್ ಮಷಿನು ಇಟ್ಟುಕೊಂಡು ವರ್ಕ್‌ಶಾಪು ತೆರೆದೆ. ಜೊತೆಗೆ ನನ್ನ ಹೆಂಡತಿ ಗಿರಿಜಾಳ ತಮ್ಮ ಈರಣ್ಣ. ರೈತರ ಪಂಪು, ಟ್ರ್ಯಾಕ್ಟರಿನ ಬುಶ್ಶು, ಹಿಟ್ಟಿನ ಗಿರಣಿಯ ಶಾಫ್ಟು, ಇದೇ ನಮ್ಮ ಕೆಲಸ. ಈರಣ್ಣನ ಕೈ ಬಂಗಾರ. ಅವನ ತಲೆಯಲ್ಲಿ ಮಾತ್ರ ಗಡಿಯಾರವೇ ಇಲ್ಲ. ನಾಳೆ ಎಂದರೆ ನಾಡಿದ್ದು, ನಾಡಿದ್ದು ಎಂದರೆ ಸಂತೆ ಮುಗಿದ ಮೇಲೆ. ಹಡಗಿನಲ್ಲಿ ಗಂಟೆಗೆ ತಕ್ಕಂತೆ ಬದುಕಿದ ನನಗೂ ಅವನಿಗೂ ದಿನಾ ಒಂದು ಸಲವಾದರೂ ಕಡ್ಡಿ ಗೀರುತ್ತಿತ್ತು.

ಆ ವರ್ಷ ಮಳೆ ಮೃಗಶಿರಕ್ಕೇ ಹಿಡಿಯಿತು. ಅಂಥದೊಂದು ದಿನ ನಾಯ್ಕನ ಫೋನು. ನಾಯ್ಕ ನನ್ನ ಜೊತೆ ಅದೇ ಹಡಗಿನ ಇಂಜಿನ್ ರೂಮಿನಲ್ಲಿದ್ದವನು, ಕಾರವಾರ ಕಡೆಯವನು. ಪಿಂಚಣಿಯ ನಂತರ ಮುಂಬಯಿಯಲ್ಲಿ ಹಡಗು ದುರಸ್ತಿಯ ಕೆಲಸಕ್ಕೇ ಸೇರಿಕೊಂಡಿದ್ದ. ನನ್ನ ಹಳೆಯ ದರ್ಜೆಯಿಂದ ಇಂದಿಗೂ ನನ್ನನ್ನು ಚೀಫ್ ಎಂದೇ ಕರೆಯುತ್ತಾನೆ.

"ಚೀಫ್, ಒಂದು ಇಂಪೆಲ್ಲರ್ ಮಾಡಿ ಕೊಡ್ಲಿಕ್ಕೆ ಆಗ್ತದಾ?" ಎಂದ.

ಇಂಪೆಲ್ಲರ್ ಎಂದರೆ ಪಂಪಿನ ಒಳಗೆ ತಿರುಗಿ ನೀರು ಎಸೆಯುವ ರೆಕ್ಕೆಗಾಲಿ. ನಮ್ಮ ಕಡೆ ಬೋರ್‌ವೆಲ್ ಇರುವ ಎಲ್ಲ ರೈತರಿಗೂ ಆ ಮಾತು ಗೊತ್ತು. ಆದರೆ ನಾಯ್ಕ ಕೇಳುತ್ತಿದ್ದದ್ದು ನಮ್ಮ ವರ್ಗದ ಫ್ರಿಗೇಟಿನದು. ಟರ್ಬೈನಿನಿಂದ ಹೊರಬಿದ್ದ ಹಬೆಯನ್ನು ತಣಿಸಲು ಸಮುದ್ರದ ನೀರು ಎಳೆಯುವ ಪಂಪಿನದು. ಆ ಪಂಪಿನ ಮುಂದೆ ನಾನು ವರ್ಷಗಟ್ಟಲೆ ನಿಂತಿದ್ದೇನೆ. ಅದು ನಿಂತರೆ ಹಡಗೂ ನಿಂತಂತೆ.

ಅವನು ವಿವರಿಸಿದ. ತಂಗಿ ಹಡಗು ದುರಸ್ತಿಗೆ ನಿಂತಿದೆ, ಅದರ ಇಂಪೆಲ್ಲರನ್ನು ಉಪ್ಪುನೀರು ತಿಂದುಹಾಕಿದೆ. ಉಗ್ರಾಣದಲ್ಲಿ ಇನ್ನೊಂದಿಲ್ಲ. ಸಣ್ಣ ವರ್ಕ್‌ಶಾಪುಗಳಿಂದ ಮಾಡಿಸಿ ನೋಡೋಣ ಎಂದಿದ್ದಾರೆ. ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ನಮ್ಮ ಹಡಗಿನದನ್ನು ಬಿಚ್ಚುತ್ತಾರೆ.

"ನಮ್ಮದನ್ನ ಯಾಕ ಬಿಚ್ಚತಾರ?" ಎಂದೆ.

"ನಮ್ಮದು ನಿವೃತ್ತಿ ಆಗ್ತದೆ ಚೀಫ್. ಗಣೇಶನ ಹಬ್ಬ ಆದ್ಮೇಲೆ. ನಿಮ್ಗೆ ಪತ್ರ ಬರ್ತದೆ. ಹಳೆಬರನ್ನೆಲ್ಲ ಮನೆಯೋರ ಸಮೇತ ಹತ್ತಿಸಿಕೊಂಡು ಬಂದರಿನ ಬಾಯಿ ದಾಟಿ ಒಂದು ಸುತ್ತು ಹೋಗಿ ಬರೋದು ಅಂತ ಇದೆ. ಇಂಪೆಲ್ಲರ್ ಬಿಚ್ಚಿದ್ರೆ ಅದೂ ಇಲ್ಲ. ಕಟ್ಟಿದ ಜಾಗದಲ್ಲೇ ಬಾವುಟ ಇಳಿಸ್ತಾರೆ."

ಗಿರಿಜಾ ಬಾಗಿಲಲ್ಲಿ ಕಡಲೆ ಸ್ವಚ್ಛ ಮಾಡುತ್ತಿದ್ದಳು. ಮನೆಯವರನ್ನೂ ಹಡಗು ಹತ್ತಿಸುತ್ತಾರಂತೆ ಎಂದಷ್ಟೇ ಅವಳಿಗೆ ಹೇಳಿದೆ. ಅವಳು ನನ್ನ ಹಡಗನ್ನು ಎಂದೂ ನೋಡಿದವಳಲ್ಲ. ಕ್ವಾರ್ಟರ್ಸ್ ಸಿಕ್ಕಾಗ ನನ್ನ ಅವ್ವನಿಗೆ ಹುಷಾರಿರಲಿಲ್ಲ. ಅವ್ವ ನೆಟ್ಟಗಾದಾಗ ಕ್ವಾರ್ಟರ್ಸ್ ಇರಲಿಲ್ಲ. ಮನೆಯವರನ್ನು ಹಡಗಿಗೆ ಕರೆಸುವ ದಿನಗಳು ವರ್ಷಕ್ಕೊಮ್ಮೆ ಬರುತ್ತಿದ್ದವು. ಮುಂದಿನ ವರ್ಷ, ಮುಂದಿನ ವರ್ಷ ಎಂದು ಹೇಳುತ್ತಲೇ ನೌಕರಿ ಮುಗಿದುಹೋಯಿತು.

"ಈ ಸಲನಾರ ಕರಕೊಂಡ ಹೋಗತೀರೇನು?" ಎಂದಳು.

"ಹೋಗೂಣು" ಎಂದೆ. "ಹಡಗ ಹೊಂಡತಂದ್ರ ನೀ ಅದರಾಗ ಇರತಿ."

ಹಾಗೆ ಮಾತು ಕೊಟ್ಟ ಮೇಲೆ ಆ ಇಂಪೆಲ್ಲರ್ ನನಗೆ ಬರೀ ಕೆಲಸವಾಗಿ ಉಳಿಯಲಿಲ್ಲ. ಗಿರಿಜಾ ಹಡಗು ಹತ್ತುವುದೂ ಬಿಡುವುದೂ ಅದರ ಮೇಲೆ ನಿಂತಿತ್ತು.

ಮಾದರಿಗೆಂದು ತಿಂದುಹೋದ ಹಳೆಯ ಇಂಪೆಲ್ಲರ್ ಬಂತು. ರೊಟ್ಟಿ ಹಿಟ್ಟು ನಾದುವ ಪರಾತದಷ್ಟು ಅಗಲ, ರೆಕ್ಕೆಗಳ ತುದಿಯೆಲ್ಲ ಇಲಿ ಕಡಿದಂತೆ. ಜೊತೆಗೆ ಬಂದ ನಕ್ಷೆಯಲ್ಲಿ ಅರ್ಧ ಅಂಕಿಗಳು ಮಾಸಿಹೋಗಿದ್ದವು, ಉಳಿದವು ಇಂಚಿನಲ್ಲಿ. ಬೆಳಗಾವಿಗೆ ಹೋಗಿ ಕಟ್ಟಿಗೆಯ ಅಚ್ಚು ಮಾಡಿಸಿದೆ. ಫೌಂಡ್ರಿಯಲ್ಲಿ ಗನ್‌ಮೆಟಲ್ ಎಂಬ ಕಂಚಿನ ಎರಕ ಹೊಯ್ಸಿದೆ. ಮಳೆಗೆ ಮರಳು ತೇವ ಹಿಡಿದು ಮೊದಲ ಎರಕದ ತುಂಬ ಗಾಳಿಗುಳ್ಳೆ. ಎರಡನೆಯದು ಚೆನ್ನಾಗಿ ಬಂತು ಎಂದು ತಂದು ಲೇತಿಗೆ ಹಾಕಿದರೆ ಕರೆಂಟ್ ಇಲ್ಲ. ಕರೆಂಟ್ ಬಂತು ಎನ್ನುವಷ್ಟರಲ್ಲಿ ಯಾರಾದರೂ ರೈತ ಪಂಪು ಹೊತ್ತು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

"ಮಳಿ ಜಡಿಯಾಕ ಹತ್ತೇತಿ, ಈಗ ಯಾರ ಹೊಲಕ್ಕ ನೀರ ಬಿಡತಾರೋ ಈರಣ್ಣಾ?" ಎಂದು ಕೇಳಿದೆ ಒಂದು ದಿನ.

"ಹೊಲದಾಗಿನ ನೀರ ಹೊರಗ ಹಾಕಾಕ ಬೇಕ್ರಿ ಮಾಮಾ. ಹೆಸರಿನ ಬೆಳಿ ಎಲ್ಲಾ ಮುಳಗೇತಿ" ಎಂದ. ಎರಿ ಹೊಲದ ಕಪ್ಪು ಮಣ್ಣಿನಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಹುಗಿಯುತ್ತಿತ್ತು ಆ ವರ್ಷ. ನನಗೆ ಸಿಟ್ಟು ಬರುತ್ತಿತ್ತು, ಆದರೆ ಯಾರ ಮೇಲೆ ಹಾಕಬೇಕೋ ತಿಳಿಯುತ್ತಿರಲಿಲ್ಲ.

ಅಂತೂ ನಾಗರ ಅಮಾವಾಸ್ಯೆ ಹತ್ತಿರ ಬರುವ ಹೊತ್ತಿಗೆ ಇಂಪೆಲ್ಲರ್ ಮುಗಿಯಿತು. ಅಳತೆ ಸರಿ, ತೂಕ ಸರಿ. ಬಿರುಕಿನ ಪರೀಕ್ಷೆಯನ್ನೂ ನಾನೇ ಒಮ್ಮೆ ಮಾಡಿ ನೋಡಿದೆ. ಅದು ಹೀಗೆ: ಕ್ಲೀನರ್ ಹೊಡೆದು ಒರೆಸುವುದು, ಮೇಲೆ ಕೆಂಪು ಬಣ್ಣದ ದ್ರವ ಹೊಡೆಯುವುದು. ಕೂದಲೆಳೆಯಂಥ ಬಿರುಕಿದ್ದರೂ ಬಣ್ಣ ಅದರೊಳಗೆ ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಬಣ್ಣ ಒರೆಸಿ ಬಿಳಿ ಪುಡಿಯ ಸ್ಪ್ರೇ ಹೊಡೆದರೆ, ಬಿರುಕಿದ್ದಲ್ಲಿ ಕೆಂಪು ಗೆರೆ ಮೇಲೆ ಬರುತ್ತದೆ. ನಮ್ಮದರಲ್ಲಿ ಎಲ್ಲೂ ಕೆಂಪಿರಲಿಲ್ಲ. ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿತ್ತು. ಎಷ್ಟೋ ದಿನಗಳ ನಂತರ ಅಂದು ನಾನೂ ಈರಣ್ಣನೂ ಒಟ್ಟಿಗೆ ಕುಳಿತು ಚಹಾ ಕುಡಿದೆವು.

ಶೆಡ್ಡಿನ ತಗಡು ಸೋರುತ್ತಿತ್ತು. ಇಂಪೆಲ್ಲರನ್ನು ಇಬ್ಬರೂ ಹೊತ್ತು ಮನೆಯೊಳಗೆ ತಂದೆವು. ಮನೆಯಲ್ಲಿಯೂ ದೇವರ ಕೋಣೆಯೊಂದೇ ಒಣಗಿದ ಜಾಗ. ಒಂದು ಮಣೆಯ ಮೇಲೆ ಇಟ್ಟು ಹಳೆಯ ಧೋತರ ಹೊದಿಸಿದೆ.

ನಮ್ಮ ಕಡೆ ಪ್ರತಿ ಅಮಾವಾಸ್ಯೆಗೂ ಮಷಿನುಗಳ ಪೂಜೆಯಾಗಬೇಕು. ಲಾರಿ ಇರಲಿ, ಗಿರಣಿ ಇರಲಿ, ತೊಳೆದು, ವಿಭೂತಿ ಎಳೆದು, ಕುಂಕುಮ ಹಚ್ಚಿ, ಕಾಯಿ ಒಡೆಯದೆ ಮರುದಿನ ಚಾಲೂ ಮಾಡುವುದಿಲ್ಲ. ನಾನು ಈರಣ್ಣನಿಗೆ ಮೊದಲೇ ಹೇಳಿದೆ: "ಲೇತಿಗೆ ಮಾಡು, ಡ್ರಿಲ್ಲಿಗೆ ಮಾಡು, ಬೇಕಾರ ನನ್ನ ತಲಿಗೂ ಹಚ್ಚು. ಹಡಗಿನ ಪೀಸ್ ಮಾತ್ರ ಮುಟ್ಟಬ್ಯಾಡ. ಸಾಹೇಬ ಬಂದು ನೋಡುವಾಗ ಅದರ ಮ್ಯಾಲ ಒಂದು ಕಲೆ ಇರಬಾರದು."

"ಇಷ್ಟ ದೊಡ್ಡ ಕೆಲಸ, ಪೂಜಿ ಇಲ್ಲದ ಕಳಸೂದೇನ್ರಿ ಮಾಮಾ?" ಎಂದು ಮುಖ ಸಣ್ಣದು ಮಾಡಿದ. ಆದರೆ ಕೇಳಿದ. ಅಮಾವಾಸ್ಯೆಯ ದಿನ ನಾನು ಬೆಳಗಾವಿಗೆ ಹೋಗಿದ್ದೆ. ತಿರುಗಿ ಬಂದು ಧೋತರ ಎತ್ತಿ ನೋಡಿದೆ. ಮೇಲೆಲ್ಲ ಹೊಳೆಯುತ್ತಿತ್ತು, ಒಂದು ಚುಕ್ಕಿಯೂ ಇರಲಿಲ್ಲ.

ನೌಕಾಪಡೆಯಿಂದ ಪರೀಕ್ಷಕ ಬಂದದ್ದು ಪಂಚಮಿ ಕಳೆದ ಮೇಲೆ. ಉತ್ತರದ ಕಡೆಯ ತರುಣ, ಮಿತಭಾಷಿ. ಕಿತ್ತೂರು ದಾಟುತ್ತಲೇ ಅವನ ಕಾರು ಗುಂಡಿಗೆ ಬಿದ್ದು ಚಕ್ರ ಒಡೆದಿತ್ತು. ಮಳೆಯಲ್ಲಿ ನಿಂತು ಚಕ್ರ ಬದಲಿಸಿಕೊಂಡು, ಅಂಗಿಯೆಲ್ಲ ಕೆಸರಾಗಿ ಬಂದಿದ್ದ. ಗಿರಿಜಾ ಉಪ್ಪಿಟ್ಟು, ಶೇಂಗಾ ಹೋಳಿಗೆ ಕೊಟ್ಟರೆ ಹೋಳಿಗೆ ಮುಟ್ಟಲಿಲ್ಲ. ಅಳತೆಗಳನ್ನೆಲ್ಲ ನೋಡಿ ತಲೆಯಾಡಿಸಿದ. ಆಮೇಲೆ ಅವನ ಜೊತೆಗೆ ಬಂದ ಸಹಾಯಕ ಕ್ಲೀನರ್ ಹೊಡೆದು ಒರೆಸಿ, ಕೆಂಪು ಹೊಡೆದು, ಕಾಯ್ದು, ಒರೆಸಿ, ಬಿಳಿ ಹೊಡೆದ. ಶೆಡ್ಡಿನ ತುಂಬ ಆ ಮೂಗು ಉರಿಸುವ ವಾಸನೆ. ಹೊರಗೆ ಮಳೆ ಜಡಿಯುತ್ತಿದ್ದರಿಂದ ಬಾಗಿಲು ತೆರೆಯುವಂತಿರಲಿಲ್ಲ.

ರೆಕ್ಕೆಗಳೆಲ್ಲ ಬೆಳ್ಳಗೆ ಉಳಿದವು. ಇಂಪೆಲ್ಲರಿನ ನಡುವಿನ ತೂತಿನಲ್ಲಿ, ಶಾಫ್ಟು ಜಾರದಂತೆ ಕೀಲು ಕೂರಿಸುವ ಉದ್ದನೆಯ ಸಂದು ಒಂದಿದೆ. ಅದರ ಮೂಲೆಯಲ್ಲಿ ನೋಡನೋಡುತ್ತಲೇ ಒಂದು ಕೆಂಪು ಗೆರೆ ಮೂಡಿತು. ಮೊದಲು ದಾರದಷ್ಟು, ಆಮೇಲೆ ಕಡ್ಡಿಯಷ್ಟು. ಆ ಮೂಲೆಯಲ್ಲಿ ಬಿರುಕಿದ್ದರೆ ಇಂಪೆಲ್ಲರ್ ಎಂದಾದರೊಂದು ದಿನ ತಿರುಗುತ್ತಲೇ ಸೀಳುತ್ತದೆ.

"ಇದು ಸಾಧ್ಯವಿಲ್ಲ ಸರ್, ನಾನೇ ನೋಡಿದ್ದೇನೆ" ಎಂದು ಹಿಂದಿಯಲ್ಲಿ ಹೇಳಿದೆ. ಅವನು ಗೆರೆ ತೋರಿಸಿದ. ಗೆರೆ ಕಣ್ಣ ಮುಂದಿತ್ತು, ನಾನು ಇನ್ನೇನು ವಾದಿಸಲಿ. ಅವನು ಬೇಸರದಿಂದಲೇ ಇಂಪೆಲ್ಲರಿನ ಮೇಲೆ ಕೆಂಪು ಪೇಂಟಿನಿಂದ ಅಡ್ಡಗೀಟು ಹಾಕಿ, ಕಾರು ಹತ್ತಿ ಹೊರಟುಹೋದ.

ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಎದ್ದು, ಬಿದಿರು ಕಡ್ಡಿಗೆ ಬಟ್ಟೆ ಸುತ್ತಿ ಆ ಮೂಲೆಯನ್ನು ಕೆರೆದೆ. ಬಟ್ಟೆಗೆ ಎಣ್ಣೆಜಿಡ್ಡಿನ ಕೆಂಪು ಮುದ್ದೆ ಹತ್ತಿಕೊಂಡು ಬಂತು. ಪರೀಕ್ಷೆಯ ಬಣ್ಣ ನೀರಿನಂತೆ ತೆಳ್ಳಗೆ, ಅದರಲ್ಲಿ ಪುಡಿ ಇರುವುದಿಲ್ಲ. ಇದನ್ನು ಬೆರಳ ನಡುವೆ ಉಜ್ಜಿದರೆ ನವಿರಾಗಿ ಪುಡಿ ಸಿಕ್ಕಿತು. ಕುಂಕುಮ. ಒರೆಸಿದ ಬಟ್ಟೆ ಆ ಮೂಲೆಯ ಆಳ ಮುಟ್ಟಿರಲಿಲ್ಲ. ಅಲ್ಲಿ ಕೂತ ಕುಂಕುಮದ ಮುದ್ದೆ ಬಣ್ಣವನ್ನು ಹೀರಿಕೊಂಡು, ಬಿಳಿ ಪುಡಿಯ ಮೇಲೆ ಉಗುಳಿತ್ತು. ಪೂರ್ತಿ ತೊಳೆದು ನನ್ನ ಡಬ್ಬಿಗಳಿಂದ ಮತ್ತೆ ಪರೀಕ್ಷೆ ಮಾಡಿದೆ. ಬೆಳ್ಳಗೆ. ಒಂದು ಎಳೆಯೂ ಕೆಂಪಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. "ಹೇಳಿದ್ನಿಲ್ಲೋ ನಿನಗ, ಹೇಳಿದ್ನಿಲ್ಲೋ?" ಎಂದು ಈರಣ್ಣನ ಮೇಲೆ ಹರಿಹಾಯ್ದೆ. ಬಾಯಿಗೆ ಬಂದಂತೆ ಬೈದೆ. ಅವನು ನೆಲ ಮುಟ್ಟಿ ಆಣೆ ಮಾಡಿದ. "ನಾ ಮುಟ್ಟಿಲ್ರಿ ಮಾಮಾ. ನಿಮ್ಮ ಮಾತ ಮೀರಿಲ್ಲ."

"ಅವಗ್ಯಾಕ ಬೈತೀರಿ? ನಾ ಹಚ್ಚೀನಿ" ಎಂದಳು ಗಿರಿಜಾ. ಸೆರಗು ತಲೆಯ ಮೇಲೆ ಹೊದ್ದು ಮಳೆಯಲ್ಲೇ ಶೆಡ್ಡಿಗೆ ಬಂದಿದ್ದಳು. "ಅಮಾಸಿ ದಿನ ದೇವರ ಮುಂದ ಇತ್ತು. ಸಮುದ್ರಕ್ಕ ಹೋಗೂ ಸಾಮಾನು. ತವರಿಂದ ತಂದ ಸಿರಸಂಗಿ ಕಾಳವ್ವನ ಕುಂಕುಮ ಇತ್ತು, ಎಣ್ಯಾಗ ಕಲಸಿ ಹಚ್ಚಿದೆ. ಮ್ಯಾಲ ಕಂಡ್ರ ನೀವು ಬೈತೀರಂತ ಒಳಗ ಸಂದ್ಯಾಗ ಹಚ್ಚಿದೆ. ಮ್ಯಾಲಿಂದೆಲ್ಲಾ ಒರಸೀನಿ."

"ನಿನಗ ಯಾರ ಹಚ್ಚಂದ್ರು?"

"ಯಾರ ಹೇಳಬೇಕ್ರಿ? ಮನಿ ಬಿಟ್ಟು ಹೋಗೂದಕ್ಕ ಕುಂಕುಮ ಹಚ್ಚಲಾರದ ಹೆಂಗ ಕಳಸೂದು? ರಜಾ ಮುಗಿಸಿ ಹೋಗುವಾಗ ನಿಮ್ಮ ಟ್ರಂಕಿಗೂ ಹಚ್ಚತಿದ್ದೆ, ತಳದಾಗ, ಪ್ರತಿ ಸಲ. ನೀವು ಎಂದಾರ ನೋಡೀರೇನು? ಅದಕ್ಕ ತಿರುಗಿ ಬಂದ್ರಿ ನೀವು."

"ನಾ ತಿರುಗಿ ಬಂದದ್ದು ಪಂಪು ನೆಟ್ಟಗ ಓಡಿದ್ದಕ್ಕ" ಎಂದು ಹಲ್ಲು ಕಡಿದೆ.

"ಪಂಪು ಯಾಕ ನೆಟ್ಟಗ ಓಡ್ತು?" ಎಂದಳು.

ಈರಣ್ಣನಿಗಾದರೆ ಇನ್ನಷ್ಟು ಬೈಯಬಹುದಿತ್ತು. ಅವಳಿಗೆ ಬೈಯಲು ಬಾಯಿ ಬರಲಿಲ್ಲ. ಬಾರದ್ದಕ್ಕೆ ಇನ್ನೂ ಸಿಟ್ಟು ಬಂತು. ಮೂಲೆಯಲ್ಲಿದ್ದ ಖಾಲಿ ಡಬ್ಬಿಯನ್ನು ಒದ್ದು ಹೊರಗೆ ಹೋದೆ.

ಮರುದಿನ ಪರೀಕ್ಷಕನಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. ಅವನು ತಾಳ್ಮೆಯಿಂದ ಕೇಳಿದ. ನೀವು ಹೇಳುವುದು ನಿಜವಿರಬಹುದು ಎಂದ. ಆದರೆ ಬಿರುಕು ಇದ್ದು, ಅದರ ಬಾಯಿಗೇ ಕುಂಕುಮ ಮೆತ್ತಿಕೊಂಡಿದ್ದರೆ? ತೊಳೆದ ಮೇಲೂ ಅದು ಒಳಗೇ ಉಳಿದು 'ಬಿರುಕಿಲ್ಲ' ಎಂದು ತೋರಿಸುತ್ತಿದ್ದರೆ? ಒಮ್ಮೆ ತಿರಸ್ಕರಿಸಿದ ಭಾಗವನ್ನು ಮತ್ತೆ ಒಪ್ಪಿಕೊಳ್ಳುವಂತಿಲ್ಲ, ಹೊಸ ಎರಕ ಹೊಯ್ಸಿ ಎಂದ. ಅವನ ಮೇಲೆ ಸಿಟ್ಟು ಮಾಡೋಣವೆಂದರೆ ಅದಕ್ಕೂ ಜಾಗವಿಲ್ಲ. ಆ ಇಂಪೆಲ್ಲರ್ ಹಾಕಿದ ಪಂಪಿನ ಮುಂದೆ ನಿಲ್ಲುವವನು ನಾನೇ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಹೊಸ ಎರಕಕ್ಕೆ ಫೌಂಡ್ರಿಗೆ ಓಡಿದೆ. ಮಳೆಗೆ ಭಟ್ಟಿ ನಿಂತಿದೆ, ವಾರ ತಡೆಯಿರಿ ಎಂದರು. ವಾರ ಕಳೆದು ಹೋದರೆ ಇನ್ನೊಂದು ವಾರ. ನಾಯ್ಕನಿಗೆ ದಿನಾ ಫೋನು ಮಾಡಿ "ಇನ್ನೊಂದ ಸ್ವಲ್ಪ ತಡಿ ಅನ್ನಪಾ ಅವರಿಗೆ" ಎಂದು ಗೋಗರೆಯುತ್ತಿದ್ದೆ. ಒಂದು ದಿನ ಅವನೇ ಮಾಡಿದ.

"ನಿನ್ನೆ ಸಂಜೆ ಬಿಚ್ಚಿದ್ರು ಚೀಫ್. ನಾನೇ ಮುಂದೆ ನಿಂತಿದ್ದೆ. ನಟ್ಟು ಹಾಳಾಗದ ಹಾಗೆ ತೆಗ್ಸಿದ್ದೇನೆ" ಎಂದ.

ನಟ್ಟು ಇನ್ನು ಯಾಕೆ ಬೇಕು ಎಂದು ಕೇಳಲಿಲ್ಲ. ಅವನಿಗೂ ದುಃಖವಾಗಿತ್ತು, ಅದನ್ನು ಹೇಳುವುದಕ್ಕೆ ಅವನಿಗೆ ಬೇರೆ ಮಾತು ತಿಳಿದಿರಲಿಲ್ಲ.

ಗಿರಿಜಾಳಿಗೆ ನಾನು ನಿಜ ಹೇಳಲಿಲ್ಲ. ಇಂಪೆಲ್ಲರ್ ತಿರಸ್ಕಾರವಾದದ್ದು ಅವಳಿಗೆ ಗೊತ್ತಿತ್ತು. ಅದಕ್ಕೆ ಬದಲು ನಮ್ಮ ಹಡಗಿನದನ್ನೇ ಬಿಚ್ಚಿದರೆಂಬುದು ಗೊತ್ತಿರಲಿಲ್ಲ. ಸಮುದ್ರ ಜೋರಾಗಿದೆಯಂತೆ, ಹಡಗು ದಂಡೆ ಬಿಡುವುದಿಲ್ಲವಂತೆ, ಕಟ್ಟಿದಲ್ಲೇ ನೋಡಿ ಬರೋಣ ಎಂದೆ. "ಆತು ಬಿಡ್ರಿ, ನೋಡಿದ್ರ ಸಾಕು" ಎಂದಳು. ಹೊಸ ಸೀರೆ ಪೆಟ್ಟಿಗೆಯಿಂದ ತೆಗೆದಳು. ಹಡಗಿನ ಹುಡುಗರಿಗೆಂದು ಡಬ್ಬಿ ತುಂಬ ಶೇಂಗಾ ಹೋಳಿಗೆ ಮಾಡಿಕೊಂಡಳು.

ಮುಂಬಯಿಯಲ್ಲಿ ಅಂದು ಮಳೆ ನಿಂತು ಬಿಸಿಲು ಬಿದ್ದಿತ್ತು. ಸಮುದ್ರ ಕೆರೆಯ ನೀರಿನಂತೆ ಅಲೆಯಿಲ್ಲದೆ ತಣ್ಣಗಿತ್ತು. ಗಿರಿಜಾ ಸಮುದ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಹಡಗಿಗೆ ಹೊಸ ಬಣ್ಣ ಬಳಿದು ಬಣ್ಣಬಣ್ಣದ ಪತಾಕೆ ಕಟ್ಟಿದ್ದರು. ಹೊಗೆಗೊಳವೆಯಲ್ಲಿ ಮಾತ್ರ ಹೊಗೆ ಇರಲಿಲ್ಲ. ಹಳೆಯವರೆಲ್ಲ ಅಪ್ಪಿಕೊಂಡು ಬೆನ್ನು ತಟ್ಟಿಕೊಂಡರು. ಕೆಲವರ ಕೂದಲು ಹೋಗಿತ್ತು, ಕೆಲವರೇ ಹೋಗಿದ್ದರು.

"ನೀವ ನಿಂದರತಿದ್ದ ಜಾಗ ತೋರಸ್ರಿ" ಎಂದಳು.

"ಬ್ಯಾಡ, ಏಣಿ ಕಡದ ಐತಿ. ಸೀರಿ ಉಟಗೊಂಡು ಇಳ್ಯಾಕ ಆಗೂದಿಲ್ಲ" ಎಂದೆ. ಅವಳು ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಕಬ್ಬಿಣದ ಏಣಿಯ ಒಂದೊಂದೇ ಮೆಟ್ಟಿಲು ಹಿಡಿದು ಹಿಂದುಮುಂದಾಗಿ ಇಳಿದಳು.

ಇಂಜಿನ್ ರೂಮಿನಲ್ಲಿ ತಣ್ಣಗಿತ್ತು. ನಾನು ಅಲ್ಲಿ ಬೆವರದೆ ನಿಂತದ್ದು ಅದೇ ಮೊದಲು. ಬಂದವರಿಗೆ ತೋರಿಸಲೆಂದು ಬಿಳಿ ಸಮವಸ್ತ್ರದ ನಾವಿಕನೊಬ್ಬ ನಿಂತಿದ್ದ. ಬಾಯ್ಲರು ಇದು, ಟರ್ಬೈನು ಇದು ಎಂದು ಹಿಂದಿಯಲ್ಲಿ ಹೇಳುತ್ತ ನಮ್ಮನ್ನು ಪಂಪಿನ ಮುಂದೆ ತಂದು ನಿಲ್ಲಿಸಿದ. ಪಂಪಿನ ಬಾಯಿಗೆ ತಗಡು ಮುಚ್ಚಿ ಬೋಲ್ಟು ಹಾಕಿದ್ದರು.

"ಇದರ ಇಂಪೆಲ್ಲರನ್ನು ತಂಗಿ ಹಡಗಿಗೆ ಕೊಟ್ಟೆವು ಸರ್" ಎಂದ ಅವನು. "ಇಲ್ಲವಾದರೆ ಇವತ್ತು ನಿಮ್ಮನ್ನೆಲ್ಲ ಸಮುದ್ರಕ್ಕೆ ಕರೆದೊಯ್ಯುತ್ತಿದ್ದೆವು. ಕರ್ನಾಟಕದ ಯಾವುದೋ ಸಣ್ಣ ಊರಿನವರು ಹೊಸದು ಮಾಡಿ ಕೊಡುತ್ತೇವೆ ಎಂದಿದ್ದರಂತೆ. ಅದರಲ್ಲಿ ಬಿರುಕು ಬಿಟ್ಟಿತ್ತಂತೆ."

ಗಿರಿಜಾ ಟಿವಿಯ ಧಾರಾವಾಹಿ ನೋಡಿ ನೋಡಿ ಹಿಂದಿ ಕಲಿತವಳು. ಅವಳಿಗೆ ಒಂದಕ್ಷರವೂ ಬಿಡದೆ ತಿಳಿದಿತ್ತೆಂದು ಅವಳ ಮುಖ ನೋಡಿದಾಗಲೇ ಗೊತ್ತಾಯಿತು. ಮುಂದೆ ಬಂದು ಆ ತಗಡಿನ ಮೇಲೆ ಕೈ ಇಟ್ಟಳು. ನನ್ನ ಕಡೆ ನೋಡದೆಯೇ ಹೇಳಿದಳು:

"ಬಿರುಕ ಇರಲಿಲ್ಲಂತ ಹೇಳ್ರಿ ಅವಗ. ನೀವು ಈರಣ್ಣಾ ಮಾಡಿದ್ದು ಛಲೋ ಇತ್ತು. ನಾ ಕೆಡಿಸಿದ್ದು ಅಂತ ಹೇಳ್ರಿ."

"ಇರಲಿ ಬಿಡ. ಆ ಹುಡುಗಗ ಏನ ಗೊತ್ತೈತಿ" ಎಂದೆ.

"ಅಂವಾ ಬಂದ ಎಲ್ಲಾರಿಗೂ ಇದ ಹೇಳತಾನ. ಹೇಳ್ರಿ."

ನಾನು ನಾವಿಕನ ಕಡೆ ತಿರುಗಿದೆ. ಹಿಂದಿಯಲ್ಲಿ ಹೇಳಿದೆ: ಆ ಇಂಪೆಲ್ಲರ್ ಮಾಡಿದವನು ನಾನೇ. ಅದರಲ್ಲಿ ಬಿರುಕು ಇರಲಿಲ್ಲ.

"ಮತ್ತೆ ಏನಿತ್ತು ಸರ್?" ಎಂದ ನಾವಿಕ.

"ನನ್ನ ಹೆಂಡತಿ ಹಚ್ಚಿದ ಕುಂಕುಮ."

ಅವನು ನನ್ನ ಮುಖ ನೋಡಿದ, ಗಿರಿಜಾಳ ಹಣೆ ನೋಡಿದ. ಹಿರಿಯರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಮರ್ಯಾದೆಯಿಂದ ನಕ್ಕ. ನಾನು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮುಂದಿನವರು ಏಣಿ ಇಳಿಯುತ್ತಿದ್ದರು, ಜಾಗ ಬಿಡಿ ಎಂದು ಮೇಲಿನಿಂದ ಯಾರೋ ಕೂಗಿದರು. ನಾವಿಕ ಅವರ ಕಡೆ ತಿರುಗಿ ಬಾಯ್ಲರಿನಿಂದ ಮತ್ತೆ ಶುರು ಮಾಡಿದ. ಗಿರಿಜಾ ತಗಡಿನ ಮೇಲಿನ ಕೈ ತೆಗೆಯಲಿಲ್ಲ. ಅವನು ಪಂಪಿನ ತನಕ ಬಂದು ಏನು ಹೇಳುತ್ತಾನೋ ಕೇಳಿಯೇ ಹೋಗುತ್ತೇನೆಂದು ಅಲ್ಲೇ ನಿಂತಳು. ನಾನೂ ನಿಂತೆ. ಅವನು ಬಂದ, ಕರ್ನಾಟಕದ ಯಾವುದೋ ಸಣ್ಣ ಊರು ಎಂದ, ಬಿರುಕು ಎಂದ.